ಸ್ಕ್ರೀನ್ ಮೇಲೆ ಬೆಳಗುವ ಸೀರೆ ಆಲ್ಬಂನಲ್ಲಿ ಯಾಕೆ ಮಂಕಾಗುತ್ತದೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆ, ನಾಮಕರಣದ ಆಲ್ಬಂಗಳನ್ನು ನಾನೇ ಡಿಸೈನ್ ಮಾಡಿ ಬೆಂಗಳೂರಿನ ಲ್ಯಾಬ್‌ಗೆ ಕಳಿಸುತ್ತೇನೆ. ಹೊಸ 24 ಇಂಚಿನ ಮಾನಿಟರ್ ತಂದ ಮೇಲೆ ಪ್ರಿಂಟ್‌ಗಳೆಲ್ಲ ಕಪ್ಪಗೆ ಬರುತ್ತಿವೆ. ಮುಖ ಕೆಂಪಗೆ ಕಾಣುತ್ತದೆ, ರಾಣಿ ಪಿಂಕ್ ಸೀರೆ ಮಂಕಾಗುತ್ತದೆ. ಲ್ಯಾಬಿನವರನ್ನು ಕೇಳಿದರೆ ‘ನಿಮ್ಮ ಫೈಲೇ ಹಾಗಿದೆ’ ಅನ್ನುತ್ತಾರೆ. ಮಾನಿಟರ್ ಕ್ಯಾಲಿಬ್ರೇಷನ್ ಹೇಗೆ ಮಾಡುವುದು? ಅದಕ್ಕೆ ಯಂತ್ರ ಕೊಳ್ಳಲೇಬೇಕೇ? ಇಲ್ಲ, ಇನ್ನೂ ದುಬಾರಿ ಮಾನಿಟರ್‌ಗೆ ಹೋಗಬೇಕೇ? ಗಿರಾಕಿಯೊಬ್ಬರು ಆಲ್ಬಂ ವಾಪಸ್ ತಂದಿಟ್ಟಿದ್ದಾರೆ. ಅದಕ್ಕೆ ಯಾರನ್ನು ಕೇಳಲಿ?

ಉತ್ತರ: ನಿಮ್ಮ ದೂರು ಮೂರು. ಪ್ರಿಂಟ್ ಕಪ್ಪಗಿದೆ, ಮುಖ ಕೆಂಪಗಿದೆ, ಪಿಂಕ್ ಮಂಕಾಗಿದೆ. ಮೂರನ್ನೂ ಒಟ್ಟಿಗೆ ಸೇರಿಸಿ ‘ಕಲರ್ ಸರಿ ಬರುತ್ತಿಲ್ಲ’ ಅಂದುಬಿಟ್ಟರೆ ಎಲ್ಲಿಂದ ಹಿಡಿಯಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಈ ಮೂರಕ್ಕೂ ಕಾರಣ ಬೇರೆ ಬೇರೆ. ಮೊದಲ ಎರಡು ನಿಮ್ಮ ಟೇಬಲ್ ಮೇಲೇ ಪೂರ್ತಿ ಸರಿಹೋಗುತ್ತವೆ. ಮೂರನೆಯದು ಒಂದಷ್ಟು ಸರಿಹೋಗುತ್ತದೆ, ಮಿಕ್ಕದ್ದು ಕಾಗದದ ಮಿತಿ. ಆದರೆ ಆ ಮಿತಿ ಎಷ್ಟೆಂದು ಆರ್ಡರ್ ಕಳಿಸುವ ಮೊದಲೇ ನಿಮಗೆ ಗೊತ್ತಾಗುವಂತೆ ಮಾಡಿಕೊಳ್ಳಬಹುದು. ಕ್ಯಾಲಿಬ್ರೇಷನ್‌ನಿಂದ (ಸ್ಕ್ರೀನಿನ ಬೆಳಕು, ಬಣ್ಣವನ್ನು ಅಳೆದು ಗುರಿಗೆ ತರುವುದರಿಂದ) ಸಿಗುವ ನಿಜವಾದ ಲಾಭ ಅದೇ. ಸ್ಕ್ರೀನ್ ಮತ್ತು ಕಾಗದ ನೂರಕ್ಕೆ ನೂರು ಒಂದೇ ಥರ ಕಾಣುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲು ಕಪ್ಪಗೆ ಬರುವ ಪ್ರಿಂಟ್. ಹತ್ತರಲ್ಲಿ ಒಂಬತ್ತು ಸ್ಟುಡಿಯೊಗಳ ಗೋಳು ಇದೇ ಇರಬೇಕು ಎನ್ನುವಷ್ಟು ಸಾಮಾನ್ಯವಾದ ತೊಂದರೆ. ಇದಕ್ಕೂ ಬಣ್ಣಕ್ಕೂ ಸಂಬಂಧವೇ ಇಲ್ಲ. ಇದು ಬರೀ ಬೆಳಕಿನ ಲೆಕ್ಕ. ಅಂಗಡಿಯಿಂದ ಬಂದ ಹೊಸ ಎಲ್‌ಇಡಿ ಮಾನಿಟರ್ ಬಿಳಿ ಬಣ್ಣವನ್ನು ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾದಷ್ಟು ಬೆಳಗುತ್ತದೆ. ಕ್ಯಾಂಡೆಲಾ ಇಲ್ಲಿ ಹೊಳಪಿನ ಅಳತೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಅದರ ಮೇಲೆ ಬಿದ್ದದ್ದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡುತ್ತದೆ ಅಷ್ಟೆ. ಸಂಜೆ ಹೊತ್ತು ಒಂದು ಟ್ಯೂಬ್‌ಲೈಟ್ ಉರಿಯುವ ನಡುಮನೆಯಲ್ಲಿ ಸೋಫಾ ಮೇಲೆ ಕೂತು ಆಲ್ಬಂ ಬಿಡಿಸಿದರೆ ಶೀಟಿನ ಮೇಲೆ 150 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬಿದ್ದರೆ ಹೆಚ್ಚು. ಆಗ ಕಾಗದದ ಬಿಳಿ ಹೊಳೆಯುವುದು 40 ಕ್ಯಾಂಡೆಲಾದ ಆಸುಪಾಸಿನಲ್ಲಿ. ನೀವು ಎಡಿಟ್ ಮಾಡುವಾಗ ನೋಡಿದ್ದು 300, ಗಿರಾಕಿ ನೋಡುತ್ತಿರುವುದು 40.

ಇದರಿಂದ ಇನ್ನೊಂದು ಅನಾಹುತವೂ ಆಗುತ್ತದೆ. ಅಷ್ಟು ಬೆಳಗುವ ಸ್ಕ್ರೀನ್ ಮುಂದೆ ಕೂತಾಗ ಸರಿಯಾಗಿಯೇ ಎಕ್ಸ್‌ಪೋಸ್ ಆದ ಫೋಟೊ ಕೂಡ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ನಿಮಗೆ ಗೊತ್ತಿಲ್ಲದೇ ಕೈ ಕರ್ವ್ಸ್ ಮೇಲೆ ಹೋಗುತ್ತದೆ, ಮಿಡ್‌ಟೋನ್ ಸ್ವಲ್ಪ ಇಳಿಸುತ್ತೀರಿ. ಹಳೆಯ ಮಾನಿಟರ್ ಬ್ಯಾಕ್‌ಲೈಟ್ ಸವೆದು ಮಂದವಾಗಿದ್ದಾಗ ಈ ತೊಂದರೆ ಇರಲಿಲ್ಲ. ಹೊಸದು ಬಂದ ಮೇಲೆ ಶುರುವಾಯಿತು ಎಂದು ನೀವೇ ಬರೆದಿದ್ದೀರಲ್ಲ, ಕಾರಣ ಇದೇ. ಹಾಗಾಗಿ ‘ಫೈಲೇ ಹಾಗಿದೆ’ ಎಂದ ಲ್ಯಾಬಿನವರ ಮಾತಿನಲ್ಲಿ ಬಹುಪಾಲು ಸತ್ಯವಿದೆ.

ಫೋಟೊ ಎಡಿಟಿಂಗ್‌ಗೆ ಸ್ಕ್ರೀನ್ ಬಿಳಿ 80ರಿಂದ 120 ಕ್ಯಾಂಡೆಲಾ ಒಳಗಿರಬೇಕು. ಇದನ್ನು ಅಳೆಯಲು ಯಂತ್ರ ಕೊಳ್ಳುವ ಮೊದಲು ನಿಮ್ಮ ಬ್ಯಾಗಿನಲ್ಲೇ ಇರುವ ಮೀಟರನ್ನು ಬಳಸಿ. ಕ್ಯಾಮೆರಾದ ಲೈಟ್ ಮೀಟರನ್ನೇ ನಾನು ಹೇಳುತ್ತಿರುವುದು. ಫೋಟೊಶಾಪ್‌ನಲ್ಲಿ ಹೊಸ ಫೈಲ್ ತೆರೆದು ಪೂರ್ತಿ ಬಿಳಿ ತುಂಬಿ, ಅಂದರೆ 255, 255, 255. ಅದನ್ನು ಫುಲ್ ಸ್ಕ್ರೀನ್ ಮಾಡಿ. ಕೋಣೆಯ ದೀಪ ಆರಿಸಿ. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕಿ, ಐಎಸ್‌ಒ 100, ಅಪರ್ಚರ್ 5.6, ಶಟರ್ 1/30 ಇಡಿ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಸೊನ್ನೆಯಲ್ಲಿರಲಿ. ಫ್ರೇಮ್ ತುಂಬ ಬಿಳಿ ಮಾತ್ರ ಬರುವಷ್ಟು ಹತ್ತಿರ ಹೋಗಿ, ಫೋಕಸ್ಸನ್ನು ಬೇಕೆಂದೇ ಕೆಡಿಸಿ. ಈಗ ವ್ಯೂಫೈಂಡರ್ ಒಳಗಿನ ಮೀಟರ್ ಮುಳ್ಳನ್ನು ನೋಡಿ. ಹೊಸ ಮಾನಿಟರ್ ಆದರೆ ಮುಳ್ಳು ಪ್ಲಸ್ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು ಬೆಳಕು) ದಾಟಿರುತ್ತದೆ. ಮಾನಿಟರಿನ ಸ್ವಂತ ಬಟನ್‌ನಿಂದ ಬ್ರೈಟ್‌ನೆಸ್ ಇಳಿಸುತ್ತ ಬನ್ನಿ. ಮುಳ್ಳು ಸೊನ್ನೆಗೆ ಬಂದು ನಿಂತ ಜಾಗವೇ ಸುಮಾರು 120 ಕ್ಯಾಂಡೆಲಾ. 100 ಬೇಕಾದರೆ ಶಟರ್ 1/25, 80 ಬೇಕಾದರೆ 1/20 ಇಟ್ಟುಕೊಂಡು ಇದನ್ನೇ ಮಾಡಿ.

ಇದರ ಹಿಂದಿನ ಲೆಕ್ಕ ಸರಳ. ಅಪರ್ಚರ್ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಶಟರ್ ವೇಳೆಯಿಂದ ಭಾಗಿಸಿದರೆ ಬರುವ ಸಂಖ್ಯೆ, ಬೆಳಕನ್ನು ಐಎಸ್‌ಒದಿಂದ ಗುಣಿಸಿ 12.5ರಿಂದ ಭಾಗಿಸಿದ್ದಕ್ಕೆ ಸಮ. ಆ 12.5 ಎಂಬುದು ಕ್ಯಾನನ್, ನಿಕಾನ್‌ನಂಥ ಕಂಪನಿಗಳ ಮೀಟರ್‌ಗಳ ಸ್ಥಿರಾಂಕ. 5.6ರ ವರ್ಗ ಸುಮಾರು 32, ಅದನ್ನು 30ರಿಂದ ಗುಣಿಸಿದರೆ 960. ಆ ಕಡೆ 120 ಗುಣಿಸು 100 ಭಾಗಿಸು 12.5 ಅಂದರೂ 960. ಲೆನ್ಸಿನ ಗಾಜು ಒಂದಿಷ್ಟು ಬೆಳಕು ನುಂಗುತ್ತದೆ, ಮೀಟರಿಂದ ಮೀಟರಿಗೆ ವ್ಯತ್ಯಾಸವೂ ಇರುತ್ತದೆ. ಮೂರನೇ ಒಂದು ಸ್ಟಾಪಿನಷ್ಟು ತಪ್ಪಬಹುದು. ಆದರೆ 300ರಲ್ಲಿರುವ ಸ್ಕ್ರೀನನ್ನು 120ರ ಹತ್ತಿರ ತರುವುದಕ್ಕೆ ಇಷ್ಟು ಧಾರಾಳ ಸಾಕು.

ಎರಡನೇ ಹೆಜ್ಜೆ ಇನ್ನೂ ಮುಖ್ಯ. ಲ್ಯಾಬ್ ಬಳಸುವ ಕಾಗದದ್ದೇ ಒಂದು ಬಿಳಿ ತುಂಡನ್ನು ನೀವು ಪ್ರಿಂಟ್ ನೋಡುವ ಜಾಗದಲ್ಲಿ, ನೋಡುವ ದೀಪದ ಕೆಳಗೆ ಇಡಿ. ಕ್ಯಾಮೆರಾದ ಸೆಟ್ಟಿಂಗ್ ಒಂದನ್ನೂ ಬದಲಿಸದೆ ಆ ಕಾಗದವನ್ನು ಅಳೆಯಿರಿ. ಮುಳ್ಳು ಮೈನಸ್ ಕಡೆ ಹೋದರೆ ದೀಪ ಹತ್ತಿರ ತನ್ನಿ, ಇಲ್ಲವೇ ಇನ್ನೊಂದು ದೀಪ ಹಾಕಿ. ಕಾಗದದ ಬಿಳಿ 100 ಕ್ಯಾಂಡೆಲಾ ಹೊಳೆಯಬೇಕಾದರೆ ಅದರ ಮೇಲೆ ಸುಮಾರು 350 ಲಕ್ಸ್ ಬೀಳಬೇಕು, 120ಕ್ಕೆ 420. ಸ್ಕ್ರೀನಿನ ಬಿಳಿ ಮತ್ತು ಕಾಗದದ ಬಿಳಿ ಎರಡೂ ಮೀಟರಿನಲ್ಲಿ ಒಂದೇ ಜಾಗಕ್ಕೆ ಬರದೆ ಅವೆರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಇಳಿಸಿದ ಬ್ರೈಟ್‌ನೆಸ್ ಮೊದಮೊದಲು ತೀರಾ ಮಂಕು ಅನ್ನಿಸುತ್ತದೆ. ಕಣ್ಣು ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ, ದಯವಿಟ್ಟು ಮತ್ತೆ ಏರಿಸಬೇಡಿ. ನಿಮ್ಮ ಜೊತೆ ಕೆಲಸ ಮಾಡುವ ಹುಡುಗರಿಗೂ ಬಟನ್ ಮುಟ್ಟಬಾರದೆಂದು ಹೇಳಿಡಿ.

ಇನ್ನು ಕೆಂಪಗೆ ಬರುವ ಮುಖ. ಇದಕ್ಕೆ ಮೂಲ ಸ್ಕ್ರೀನಿನ ಬಿಳಿಯಲ್ಲಿದೆ. ಅನೇಕ ಮಾನಿಟರ್‌ಗಳು ‘ಕೂಲ್’ ಎಂಬ ಬಣ್ಣದಲ್ಲೋ ಆಟಕ್ಕೆ, ಸಿನಿಮಾಕ್ಕೆ ಮಾಡಿದ ಇನ್ಯಾವುದೋ ಮೋಡ್‌ನಲ್ಲೋ ಇರುತ್ತವೆ. ಬಿಳಿ 6500 ಕೆಲ್ವಿನ್ ಇರಬೇಕಾದಲ್ಲಿ 7500, ಕೆಲವೊಮ್ಮೆ 9300ರವರೆಗೂ ಹೋಗಿರುತ್ತದೆ. ಕೆಲ್ವಿನ್ ಸಂಖ್ಯೆ ಏರಿದಷ್ಟೂ ಬಿಳಿ ನೀಲಿಯ ಕಡೆ ವಾಲುತ್ತದೆ. ಅಂಥ ನೀಲಿ ಸ್ಕ್ರೀನ್ ಮೇಲೆ ಮದುಮಗಳ ಮುಖ ರಕ್ತವಿಲ್ಲದಂತೆ ಬಿಳಿಚಿ ಕಾಣುತ್ತದೆ. ನೀವು ಕೆಂಪು, ಹಳದಿ ಸೇರಿಸಿ ಅದಕ್ಕೆ ಕಳೆ ತರುತ್ತೀರಿ. ಸ್ಕ್ರೀನಿನ ನೀಲಿ ಫೈಲಿನೊಳಗೆ ಇಲ್ಲವಲ್ಲ, ನೀವು ಸೇರಿಸಿದ ಕೆಂಪು ಮಾತ್ರ ಇದೆ. ಲ್ಯಾಬ್ ಪ್ರಿಂಟ್ ಮಾಡುವುದು ಅದನ್ನೇ.

ಮಾನಿಟರ್ ಮೆನುವಿಗೆ ಹೋಗಿ ಫ್ಯಾಕ್ಟರಿ ರಿಸೆಟ್ ಮಾಡಿ. ಎಸ್‌ಆರ್‌ಜಿಬಿ (ಸಾಧಾರಣ ಮಾನಿಟರ್‌ಗಳ ಬಣ್ಣದ ಮಾನದಂಡ) ಮೋಡ್ ಇದ್ದು, ಅದರಲ್ಲಿ ಬ್ರೈಟ್‌ನೆಸ್ ಇಳಿಸಲು ಬಿಡುವುದಾದರೆ ಅದನ್ನು ಹಾಕಿ. ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಅಥವಾ ಯೂಸರ್ ಮೋಡ್, ಕಲರ್ ಟೆಂಪರೇಚರ್ 6500 ಅಥವಾ ವಾರ್ಮ್, ಗಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) 2.2. ಡೈನಮಿಕ್ ಕಾಂಟ್ರಾಸ್ಟ್, ಇಕೊ ಮೋಡ್, ಬ್ಲೂ ಲೈಟ್ ಫಿಲ್ಟರ್, ವಿಂಡೋಸ್‌ನ ನೈಟ್ ಲೈಟ್ ಮತ್ತು ಎಚ್‌ಡಿಆರ್, ಇವೆಲ್ಲ ಆಫ್ ಆಗಿರಬೇಕು. ಡೈನಮಿಕ್ ಕಾಂಟ್ರಾಸ್ಟ್ ಆನ್ ಇದ್ದರೆ ಚಿತ್ರದಿಂದ ಚಿತ್ರಕ್ಕೆ ಮಾನಿಟರ್ ತಾನೇ ಬೆಳಕು ಬದಲಿಸುತ್ತಿರುತ್ತದೆ. ಮಾಂಗಲ್ಯಧಾರಣೆಯ ಫೋಟೊಗೆ ಒಂದು ಬ್ರೈಟ್‌ನೆಸ್, ರಾತ್ರಿ ಆರತಕ್ಷತೆಯ ಫೋಟೊಗೆ ಇನ್ನೊಂದು. ಎಚ್‌ಡಿಎಂಐ ಕೇಬಲ್ ಬಳಸುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ‘ಫುಲ್ ರೇಂಜ್’ ಇದೆಯೇ ನೋಡಿ. ‘ಲಿಮಿಟೆಡ್’ ಆಗಿದ್ದರೆ ಗ್ರಾಫಿಕ್ಸ್ ಕಾರ್ಡ್ ಟಿವಿಗೆ ಕಳಿಸುವಂತೆ 16ರಿಂದ 235ರೊಳಗೆ ಎಲ್ಲವನ್ನೂ ತುರುಕುತ್ತದೆ, ಕಪ್ಪು ಬೂದಿಯಂತೆ ತೇಲುತ್ತದೆ.

ಕೋಣೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸ್ಟುಡಿಯೊಗಳ ಎಡಿಟಿಂಗ್ ಕೋಣೆಯೆಂದರೆ ಸಾಮಾನ್ಯವಾಗಿ ಅಂಗಡಿಯ ಹಿಂಭಾಗದ ಸಣ್ಣ ಜಾಗ, ಗೋಡೆಗೆ ಗಿಳಿಹಸಿರೋ ಗುಲಾಬಿಯೋ ಬಳಿದಿರುತ್ತದೆ. ಗುಲಾಬಿ ಗೋಡೆಯ ಮಧ್ಯೆ ಕೂತವರಿಗೆ ಬೂದು ಬಣ್ಣ ಹಸಿರಾಗಿ ಕಾಣತೊಡಗುತ್ತದೆ. ಅದು ಕಣ್ಣಿನ ಸಹಜ ಗುಣ, ಎಷ್ಟು ಅನುಭವವಿದ್ದರೂ ತಪ್ಪಿಸಿಕೊಳ್ಳಲಾಗದು. ತುಮಕೂರಿನ ನನ್ನ ಕೆಲಸದ ಕೋಣೆಗೆ ತಿಳಿ ಬೂದು ಡಿಸ್ಟೆಂಪರ್ ಹೊಡೆಸಿದ್ದೇನೆ, ಕಿಟಕಿಗೆ ದಪ್ಪ ಪರದೆ ಇದೆ. ಕನಿಷ್ಠ ಮಾನಿಟರ್ ಹಿಂದಿನ ಗೋಡೆಯನ್ನಾದರೂ ಬೂದು ಮಾಡಿಸಿ. ಬಿಸಿಲು ಸ್ಕ್ರೀನಿಗೆ ಬೀಳದಂತೆ ನೋಡಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಸರಿಮಾಡಿದ ಮುಖ ಸಂಜೆ ಏಳಕ್ಕೆ ಬೇರೆಯಾಗಿ ಕಾಣುತ್ತಿದ್ದರೆ ದೋಷ ನಿಮ್ಮ ಕಿಟಕಿಯಲ್ಲಿದೆ.

ಪ್ರಿಂಟ್ ನೋಡುವ ದೀಪಕ್ಕೂ ಇಷ್ಟೇ ಗಮನ ಬೇಕು. ಸೀರೆ ಕೊಳ್ಳುವ ಹೆಂಗಸರು ಅಂಗಡಿಯ ದೀಪವನ್ನು ನಂಬದೆ ಸೆರಗನ್ನು ಬಾಗಿಲಾಚೆ ತಂದು ಬಿಸಿಲಲ್ಲಿ ನೋಡುವುದನ್ನು ನೀವೂ ಕಂಡಿರುತ್ತೀರಿ. ಅವರು ಮಾಡುವುದು ಪಕ್ಕಾ ಸರಿ. ಮಾಮೂಲಿ ಎಲ್‌ಇಡಿ ಟ್ಯೂಬ್‌ಗಳ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 80ರ ಸುಮಾರಿಗಿರುತ್ತದೆ. ಈ ಸಂಖ್ಯೆ ಎಂಟು ಪೇಲವ ಬಣ್ಣಗಳ ಸರಾಸರಿ. ಕಡು ಕೆಂಪಿಗೆ ಆರ್9 ಎಂಬ ಬೇರೆ ಅಂಕವಿದೆ, ಅದು ಸರಾಸರಿಯಲ್ಲಿ ಸೇರುವುದೇ ಇಲ್ಲ. ಅಗ್ಗದ ಟ್ಯೂಬ್‌ಗಳಲ್ಲಿ ಆ ಅಂಕ ಸೊನ್ನೆಯ ಹತ್ತಿರ ಇರುವುದುಂಟು. ಅದರ ಕೆಳಗೆ ಕುಂಕುಮ, ಕೆಂಪು ಧಾರೆಸೀರೆ, ನಮ್ಮವರ ಮೈಬಣ್ಣ ಎಲ್ಲವೂ ಸತ್ತಂತೆ ಕಾಣುತ್ತವೆ. ಪ್ರಿಂಟ್ ನೋಡುವುದಕ್ಕೆಂದೇ ಇರುವ ಐಎಸ್‌ಒ 3664 ಮಾನದಂಡ ಡಿ50, ಅಂದರೆ ಸುಮಾರು 5000 ಕೆಲ್ವಿನ್ ಬೆಳಕನ್ನು ಕೇಳುತ್ತದೆ. ಕೂಲಂಕಷವಾಗಿ ಹೋಲಿಸಲು 2000 ಲಕ್ಸ್, ಮಾಮೂಲಾಗಿ ನೋಡಲು 500 ಲಕ್ಸ್. ಸಣ್ಣ ಸ್ಟುಡಿಯೊಗೆ ಆ ವ್ಯೂಯಿಂಗ್ ಬೂತ್ ಬೇಕಿಲ್ಲ. ಸಿಆರ್‌ಐ 90ಕ್ಕಿಂತ ಹೆಚ್ಚಿರುವ, 5000 ಕೆಲ್ವಿನ್‌ನ ಒಂದು ಒಳ್ಳೆಯ ದೀಪವನ್ನು ಟೇಬಲ್ ಮೇಲೆ ಕಟ್ಟಿಕೊಳ್ಳಿ, ಸಾಕು.

ದೀಪ 5000, ಸ್ಕ್ರೀನ್ 6500, ಇದು ಹೊಂದುವುದು ಹೇಗೆ ಎಂದು ನೀವು ಕೇಳಬಹುದು. 6500ರಿಂದಲೇ ಶುರುಮಾಡಿ. ಬಿಳಿ ಕಾಗದವನ್ನು ದೀಪದ ಕೆಳಗಿಟ್ಟು, ಸ್ಕ್ರೀನಿನ ಬಿಳಿಯನ್ನೂ ಅದನ್ನೂ ಸರದಿಯಂತೆ ನೋಡಿ. ಸ್ಕ್ರೀನ್ ಢಾಳಾಗಿ ನೀಲಿ ಅನ್ನಿಸಿದರೆ ಕ್ಯಾಲಿಬ್ರೇಷನ್ ಮಾಡುವಾಗ ಗುರಿಯನ್ನು 6000ಕ್ಕೋ 5800ಕ್ಕೋ ಇಳಿಸಿ ಮತ್ತೆ ನೋಡಿ. ಇಲ್ಲಿ ಕೊನೆಯ ತೀರ್ಪು ಕಣ್ಣಿನದು. ಫೋಟೊ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿರುತ್ತಾರೆ, ಅದು ಅತಿನೇರಳೆ ಬೆಳಕಿಗೆ ನೀಲಿಯಾಗಿ ಮಿನುಗುತ್ತದೆ. ಒಂದೇ ಕಾಗದ ಕಿಟಕಿ ಬೆಳಕಿನಲ್ಲಿ ಒಂದು ಥರ, ಎಲ್‌ಇಡಿ ಕೆಳಗೆ ಇನ್ನೊಂದು ಥರ ಕಾಣುವುದು ಅದಕ್ಕೇ.

ಈಗ ಯಂತ್ರದ ಮಾತು. ಮೇಲೆ ಹೇಳಿದ್ದಷ್ಟನ್ನು ಮಾಡಿಕೊಂಡರೆ ಕಪ್ಪು ಪ್ರಿಂಟ್ ನಿಲ್ಲುತ್ತದೆ, ಮುಖದ ಕೆಂಪು ಬಹಳಷ್ಟು ಇಳಿಯುತ್ತದೆ. ಆದರೆ ಮದುವೆ ಆಲ್ಬಂ ನಿಮ್ಮ ಹೊಟ್ಟೆಪಾಡು. ಹಾಗಿರುವಾಗ ಸ್ಕ್ರೀನಿನ ಬಣ್ಣ ಅಳೆಯುವ ಕಲರಿಮೀಟರ್ ಬೇಕೇ ಬೇಕು. ಕಣ್ಣಿಗೆ ಹೋಲಿಸುವುದು ಗೊತ್ತು, ಅಳೆಯುವುದು ಗೊತ್ತಿಲ್ಲ. ಯಂತ್ರ ಎರಡು ಕೆಲಸ ಮಾಡುತ್ತದೆ. ನಿಮ್ಮೂರಿನ ರೇಷ್ಮೆಗೂಡು ಮಾರುಕಟ್ಟೆಯ ತಕ್ಕಡಿಯನ್ನೇ ತೆಗೆದುಕೊಳ್ಳಿ. ತೂಕ ಹಾಕುವ ಮೊದಲು ಮುಳ್ಳನ್ನು ಸೊನ್ನೆಗೆ ತರುವುದು ಒಂದು ಕೆಲಸ, ಆಮೇಲೂ ಇಂತಿಷ್ಟು ಗ್ರಾಂ ಹೆಚ್ಚು ತೋರಿಸುತ್ತದೆ ಎಂದು ಚೀಟಿಯಲ್ಲಿ ಬರೆದಿಡುವುದು ಇನ್ನೊಂದು. ಬೆಳಕು, ಬಿಳಿ, ಗಾಮಾಗಳನ್ನು ಗುರಿಗೆ ತರುವುದು ಕ್ಯಾಲಿಬ್ರೇಷನ್. ಆಮೇಲೂ ಉಳಿಯುವ ಮಾನಿಟರಿನ ಗುಣದೋಷವನ್ನು ಬರೆದಿಡುವ ಫೈಲೇ ಐಸಿಸಿ ಪ್ರೊಫೈಲ್. ಫೋಟೊಶಾಪ್ ಆ ಫೈಲನ್ನು ಓದಿ ಬಣ್ಣವನ್ನು ತಿದ್ದಿ ತೋರಿಸುತ್ತದೆ.

ಡೇಟಾಕಲರ್‌ನ ಸ್ಪೈಡರ್, ಕ್ಯಾಲಿಬ್ರೈಟ್‌ನ ಡಿಸ್‌ಪ್ಲೇ ಸರಣಿ, ಎರಡೂ ಈ ಕೆಲಸಕ್ಕೆ ಆಗುತ್ತವೆ. ಹಿಂದೆ ಎಕ್ಸ್‌ರೈಟ್ ಹೆಸರಲ್ಲಿ ಬರುತ್ತಿದ್ದ ಫೋಟೊಗ್ರಫಿ ಸಾಧನಗಳೇ 2021ರಿಂದ ಕ್ಯಾಲಿಬ್ರೈಟ್ ಹೆಸರಲ್ಲಿ ಬರುತ್ತಿವೆ. ಒಬ್ಬರಿಗೆ ಖರ್ಚು ಭಾರವಾದರೆ ತಾಲ್ಲೂಕಿನ ಛಾಯಾಗ್ರಾಹಕರೆಲ್ಲ ಸೇರಿ ಒಂದನ್ನು ಕೊಳ್ಳಿ. ಒಂದು ಮಾನಿಟರಿಗೆ ತಿಂಗಳಿಗೆ ಅರ್ಧ ಗಂಟೆಯ ಕೆಲಸ, ಒಂದೇ ಯಂತ್ರ ಹತ್ತು ಸ್ಟುಡಿಯೊಗಳಿಗೆ ಓಡಾಡಬಹುದು. ಯಂತ್ರದ ಜೊತೆ ಬರುವ ಸಾಫ್ಟ್‌ವೇರ್ ಸಾಕು. ಇನ್ನೂ ಆಳಕ್ಕೆ ಹೋಗಬೇಕೆನ್ನುವವರಿಗೆ ಆರ್ಗಿಲ್‌ಸಿಎಂಎಸ್ ಮತ್ತು ಅದರ ಮೇಲೆ ನಡೆಯುವ ಡಿಸ್‌ಪ್ಲೇಕ್ಯಾಲ್ ಉಚಿತವಾಗಿ ಸಿಗುತ್ತವೆ.

ಅಳೆಯುವ ಮೊದಲು ಮಾನಿಟರ್ ಅರ್ಧ ಗಂಟೆಯಾದರೂ ಆನ್ ಆಗಿದ್ದು ಬಿಸಿಯಾಗಿರಬೇಕು, ಸ್ಕ್ರೀನ್‌ಸೇವರ್ ಆಫ್ ಇರಬೇಕು. ಗುರಿಯಾಗಿ 6500 ಕೆಲ್ವಿನ್, ಗಾಮಾ 2.2, ಬೆಳಕು 100 ಇಡಿ. ಬೆಳಕನ್ನು ಮಾನಿಟರ್ ಬಟನ್‌ನಿಂದಲೇ ಇಳಿಸಿ. ಕೆಂಪು, ಹಸಿರು, ನೀಲಿಯ ಗೇನ್ ಮೆನುವಿನಲ್ಲಿದ್ದರೆ ಬಿಳಿಯನ್ನೂ ಅಲ್ಲೇ ಹೊಂದಿಸಿ. ಸಾಫ್ಟ್‌ವೇರ್‌ಗೆ ಕಡಿಮೆ ತಿದ್ದುಪಡಿ ಉಳಿದಷ್ಟೂ ಬೂದು ಇಳಿಜಾರಿನಲ್ಲಿ ಪಟ್ಟೆ ಬೀಳುವುದು ಕಡಿಮೆ. ಕೊನೆಯಲ್ಲಿ ಬರುವ ವರದಿಯಲ್ಲಿ ಡೆಲ್ಟಾ ಇ (ಇರಬೇಕಾದ ಬಣ್ಣಕ್ಕೂ ಕಾಣುವ ಬಣ್ಣಕ್ಕೂ ಇರುವ ವ್ಯತ್ಯಾಸ) ಸರಾಸರಿ 2ರೊಳಗಿದ್ದರೆ ನಿಮ್ಮ ಕೆಲಸಕ್ಕೆ ಚೆನ್ನಾಗಿಯೇ ಆಯಿತು. 1ರ ಒಳಗಿನ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಕಾಣುವುದೇ ಇಲ್ಲ. ವಿಂಡೋಸ್ ಅಪ್‌ಡೇಟ್ ಅಥವಾ ಗ್ರಾಫಿಕ್ಸ್ ಡ್ರೈವರ್ ಬದಲಾದ ಮೇಲೆ ಪ್ರೊಫೈಲ್ ಇನ್ನೂ ಇದೆಯೇ ಎಂದು ಕಲರ್ ಮ್ಯಾನೇಜ್‌ಮೆಂಟ್ ತೆರೆದು ನೋಡಿಕೊಳ್ಳುವ ಅಭ್ಯಾಸ ಒಳ್ಳೆಯದು.

ಮೂರನೇ ದೂರು ರಾಣಿ ಪಿಂಕ್. ಇಲ್ಲಿ ಎರಡು ಸಂಗತಿಗಳಿವೆ. ಮೊದಲು ಕ್ಯಾಮೆರಾ ಮೆನುವಿನಲ್ಲಿ ಕಲರ್ ಸ್ಪೇಸ್, ಅಂದರೆ ಫೈಲಿನ ಯಾವ ಅಂಕಿಗೆ ಯಾವ ಬಣ್ಣ ಎಂದು ಹೇಳುವ ಪದ್ಧತಿ, ಯಾವುದಿದೆ ನೋಡಿ. ಅಡೋಬಿ ಆರ್‌ಜಿಬಿ ದೊಡ್ಡದು, ಅದೇ ಒಳ್ಳೆಯದು ಎಂದು ಯಾರೋ ಹೇಳಿದ್ದನ್ನು ಕೇಳಿ ಅದನ್ನೇ ಇಟ್ಟುಕೊಂಡವರು ಬಹಳ ಜನ. ಎಸ್‌ಆರ್‌ಜಿಬಿ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಸಾಧಾರಣ ಮಾನಿಟರ್‌ಗಳಿಗಾಗಿ ಮಾಡಿದ್ದು, ಲ್ಯಾಬ್ ಯಂತ್ರಗಳು ಸಾಮಾನ್ಯವಾಗಿ ನಿರೀಕ್ಷಿಸುವುದು ಅದನ್ನೇ. ಎಸ್‌ಆರ್‌ಜಿಬಿಯಲ್ಲಿ 230, 20, 130 ಎಂದು ಬರೆಯುವ ಪಿಂಕನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆಯುವುದು ಸುಮಾರು 197, 27, 127 ಎಂದು. ಎರಡೂ ಒಂದೇ ಬಣ್ಣ, ಜೊತೆಗಿರುವ ಪ್ರೊಫೈಲ್ ಓದಿದವರಿಗೆ. ಲ್ಯಾಬ್ ಸಾಫ್ಟ್‌ವೇರ್ ಪ್ರೊಫೈಲ್ ನೋಡದೆ ಆ 197ನ್ನೇ ಎಸ್‌ಆರ್‌ಜಿಬಿ ಎಂದುಕೊಂಡರೆ ಕೆಂಪು ಅಲ್ಲೇ ಕುಸಿಯಿತು, ಸೀರೆ ಒಗೆದು ಒಗೆದು ಹಳತಾದಂತೆ ಬಂತು. ಕಳಿಸುವ ಮುನ್ನ ‘ಕನ್ವರ್ಟ್ ಟು ಪ್ರೊಫೈಲ್’ ಕೊಟ್ಟು ಎಸ್‌ಆರ್‌ಜಿಬಿಗೆ ತನ್ನಿ, ಪ್ರೊಫೈಲ್ ಸೇರಿಸಿಯೇ ಸೇವ್ ಮಾಡಿ. ಪಕ್ಕದಲ್ಲೇ ಇರುವ ‘ಅಸೈನ್ ಪ್ರೊಫೈಲ್’ ಒತ್ತಬೇಡಿ, ಅದು ಅಂಕಿಗಳನ್ನು ಹಾಗೇ ಬಿಟ್ಟು ಹೆಸರನ್ನಷ್ಟೇ ಬದಲಿಸುತ್ತದೆ.

ಫೋಟೊಶಾಪ್‌ನ ಕಲರ್ ಸೆಟ್ಟಿಂಗ್ಸ್‌ನಲ್ಲಿ ವರ್ಕಿಂಗ್ ಸ್ಪೇಸ್ ಆಗಿ ಮಾನಿಟರ್ ಪ್ರೊಫೈಲನ್ನು ಕೂರಿಸಿದವರನ್ನೂ ನೋಡಿದ್ದೇನೆ. ಹಾಗೆ ಮಾಡಿದರೆ ತಿದ್ದುವ ಕೆಲಸವೇ ನಿಂತುಹೋಗುತ್ತದೆ, ಯಂತ್ರಕ್ಕೆ ಕೊಟ್ಟ ದುಡ್ಡು ದಂಡ. ಮಾನಿಟರ್ ಪ್ರೊಫೈಲ್ ವಿಂಡೋಸ್‌ನಲ್ಲಿದ್ದರೆ ಸಾಕು, ಫೋಟೊಶಾಪ್ ಅಲ್ಲಿಂದ ತಾನೇ ಓದಿಕೊಳ್ಳುತ್ತದೆ. ವರ್ಕಿಂಗ್ ಸ್ಪೇಸ್ ಎಸ್‌ಆರ್‌ಜಿಬಿ, ಪಾಲಿಸಿ ‘ಪ್ರಿಸರ್ವ್ ಎಂಬೆಡೆಡ್ ಪ್ರೊಫೈಲ್ಸ್’, ಇಷ್ಟೇ.

ಎರಡನೆಯ ಸಂಗತಿ ಕಾಗದದ ಮಿತಿ. ರೇಷ್ಮೆಯ ಕಡು ಪಿಂಕ್, ನವಿಲು ನೀಲಿ, ಗಿಳಿಹಸಿರು ಇವೆಲ್ಲ ಬಣ್ಣದ ಕಾಗದ ತಲುಪಬಲ್ಲ ಅಂಚನ್ನು ದಾಟಿ ನಿಂತ ಬಣ್ಣಗಳು. ನಿಮ್ಮ ಲ್ಯಾಬ್‌ನಿಂದ ಅವರ ಯಂತ್ರ ಮತ್ತು ಕಾಗದದ ಐಸಿಸಿ ಪ್ರೊಫೈಲ್ ಕೇಳಿ ಪಡೆಯಿರಿ. ಫೋಟೊಶಾಪ್‌ನ ವ್ಯೂ ಮೆನುವಿನಲ್ಲಿ ಪ್ರೂಫ್ ಸೆಟಪ್, ಅದರಲ್ಲಿ ಕಸ್ಟಮ್ ತೆರೆದು ಆ ಪ್ರೊಫೈಲ್ ಆರಿಸಿ. ರಿಲೇಟಿವ್ ಕಲರಿಮೆಟ್ರಿಕ್, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಆನ್ ಇರಲಿ. ಕಂಟ್ರೋಲ್ ವೈ ಒತ್ತಿದಾಗ ಸ್ಕ್ರೀನ್ ಮೇಲಿನ ಸೀರೆ ಪ್ರಿಂಟಿನ ಬಣ್ಣಕ್ಕೆ ಇಳಿಯುತ್ತದೆ. ನೋಡಲು ಬೇಸರವಾಗಬಹುದು, ಆದರೆ ಬರಲಿರುವ ಆಲ್ಬಂ ಅದೇ. ಸಾಫ್ಟ್ ಪ್ರೂಫ್ ಎನ್ನುವುದು ಇದನ್ನೇ. ಸಿಮ್ಯುಲೇಟ್ ಪೇಪರ್ ಕಲರ್ ಕೂಡ ಒಮ್ಮೆ ಹಾಕಿ ನೋಡಿ, ಕಾಗದದ ಬಿಳಿ, ಕಪ್ಪಿನ ಮಿತಿಯೂ ಕಾಣುತ್ತದೆ. ಒಳ್ಳೆಯ ಮಾನಿಟರ್ ಬಿಳಿಗೂ ಕಪ್ಪಿಗೂ ಸಾವಿರಕ್ಕೆ ಒಂದರ ಅಂತರ ತೋರಿಸಿದರೆ, ಹೊಳಪಿನ ಫೋಟೊ ಕಾಗದ ಅದರಲ್ಲಿ ನಾಲ್ಕನೇ ಒಂದು ಪಾಲನ್ನೂ ಮುಟ್ಟುವುದು ಕಷ್ಟ. ಮ್ಯಾಟ್ ಇನ್ನೂ ಕಡಿಮೆ.

ಕಾಗದ ಕೊಡಲಾರದ ಬಣ್ಣವನ್ನು ಸ್ಯಾಚುರೇಷನ್ ಹೆಚ್ಚಿಸಿ ಕೀಳಲು ಹೋಗಬೇಡಿ. ಅದರಿಂದ ಸೀರೆಯ ಮಡಿಕೆಗಳೆಲ್ಲ ಒಂದೇ ಬಣ್ಣದ ಮುದ್ದೆಯಾಗುತ್ತವೆ, ಜರಿಯ ಗೆರೆ ಕಳೆದುಹೋಗುತ್ತದೆ. ಚಾನೆಲ್ಸ್‌ನಲ್ಲಿ ಕೆಂಪನ್ನು ಮಾತ್ರ ತೆರೆದು ನೋಡಿ. ಸೀರೆ ಇರುವ ಕಡೆ ಬರೀ ಬಿಳಿಯಿದ್ದರೆ ಕೆಂಪು 255ಕ್ಕೆ ಹೊಡೆದು ವಿವರ ಹೋಗಿದೆ ಎಂದರ್ಥ. ಆ ಸೀರೆಯನ್ನಷ್ಟೇ ಸೆಲೆಕ್ಟ್ ಮಾಡಿ ಸ್ಯಾಚುರೇಷನ್ ಸ್ವಲ್ಪ ಇಳಿಸಿ, ಮಡಿಕೆಯ ನೆರಳಿಗೆ ಕಾಂಟ್ರಾಸ್ಟ್ ಕೊಡಿ. ಬಣ್ಣ ಒಂದಿಷ್ಟು ಕಡಿಮೆಯಾದರೂ ನೆರಿಗೆ, ಜರಿ ಕಾಣುತ್ತಿದ್ದರೆ ಸೀರೆ ರೇಷ್ಮೆಯದೆಂದು ಗೊತ್ತಾಗುತ್ತದೆ. ಮನೆಯವರು ಗುರುತಿಸುವುದು ಅದರಿಂದಲೇ.

ಲಗ್ನಪತ್ರಿಕೆ, ಫ್ಲೆಕ್ಸ್ ಕೆಲಸವೂ ಮಾಡುತ್ತೀರಾದರೆ ಅಲ್ಲಿ ನಾಲ್ಕು ಇಂಕಿನ ಲೆಕ್ಕ, ಮಿತಿ ಇನ್ನೂ ಬಿಗಿ. ಚಿಕ್ಕಬಳ್ಳಾಪುರದ ಹೊಲಗಳ ಚೆಂಡುಹೂವಿನ ಕಿತ್ತಳೆ ಆಫ್‌ಸೆಟ್‌ನಲ್ಲಿ ಹಾಗೇ ಬರುವುದಿಲ್ಲ, ಕೊಂಚ ಮಣ್ಣಾಗುತ್ತದೆ. ಪ್ರೆಸ್‌ನವರು ಹೇಳಿದ ಪ್ರೊಫೈಲ್‌ಗೆ ಕೊನೆಯಲ್ಲಿ ಒಮ್ಮೆ ಮಾತ್ರ ಬದಲಿಸಿ, ಮೂಲ ಫೈಲನ್ನು ಆರ್‌ಜಿಬಿಯಲ್ಲೇ ಉಳಿಸಿಕೊಳ್ಳಿ.

ಇಷ್ಟಾದ ಮೇಲೆ ಒಂದು ಟೆಸ್ಟ್ ಪ್ರಿಂಟ್ ಮಾಡಿಸಿ, ಇದನ್ನು ಬಿಡಬೇಡಿ. ನಿಮ್ಮದೇ ಕೆಲಸದಿಂದ ಆರಿಸಿದ ನಾಲ್ಕೈದು ಚಿತ್ರಗಳು ಒಂದು ಶೀಟಿನಲ್ಲಿರಲಿ. ಎಣ್ಣೆಗಪ್ಪಿನ ಮುಖ, ಗೋಧಿ ಬಣ್ಣದ ಮುಖ, ಬಿಳಿ ಪಂಚೆ, ಕಪ್ಪು ಕೋಟು, ಆ ಪಿಂಕ್ ಸೀರೆ, ಮಲ್ಲಿಗೆ ದಂಡೆ. ಕೆಳಗೆ ಕಪ್ಪಿನಿಂದ ಬಿಳಿಗೆ ಹೋಗುವ ಬೂದು ಪಟ್ಟಿ. ಆರ್ಡರ್‌ನಲ್ಲಿ ‘ಕರೆಕ್ಷನ್ ಬೇಡ’ ಎಂದು ಸ್ಪಷ್ಟವಾಗಿ ಬರೆಯಿರಿ. ಮಿನಿಲ್ಯಾಬ್ ಯಂತ್ರದಲ್ಲಿ ಸಯಾನ್, ಮೆಜೆಂಟಾ, ಯೆಲ್ಲೊ, ಡೆನ್ಸಿಟಿ ಎಂಬ ನಾಲ್ಕು ಕೀಲಿಗಳಿರುತ್ತವೆ, ಆಪರೇಟರ್ ತನ್ನ ಕಣ್ಣಿಗೆ ಸರಿಕಂಡಂತೆ ಒತ್ತಿದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಬಂದ ಪ್ರಿಂಟನ್ನು ದೀಪದ ಕೆಳಗಿಟ್ಟು, ಸಾಫ್ಟ್ ಪ್ರೂಫ್ ಹಾಕಿದ ಸ್ಕ್ರೀನ್ ಜೊತೆ ನೋಡಿ. ಮೊದಲು ಬೂದು ಪಟ್ಟಿ, ಆಮೇಲೆ ಮುಖ, ಸೀರೆ ಕೊನೆಗೆ. ಬೂದುವಿನಲ್ಲಿ ಬಣ್ಣದ ಛಾಯೆ ಕಂಡರೆ ಮುಖದ ಮೇಲೆ ಚರ್ಚೆ ಬೇಡ, ಲ್ಯಾಬ್ ಯಂತ್ರವೇ ಆ ದಿನ ಸರಿಯಿಲ್ಲ. ಈ ಶೀಟನ್ನು ಬಿಸಿಲು ಬೀಳದ ಕಡೆ ಎತ್ತಿಡಿ. ಲ್ಯಾಬ್ ಬದಲಿಸಿದಾಗ, ಕಾಗದ ಬದಲಾದಾಗ ಅದೇ ಫೈಲನ್ನು ಮತ್ತೆ ಮಾಡಿಸಿ.

ಪಾಸ್‌ಪೋರ್ಟ್ ಫೋಟೊಗೆ ಎಪ್ಸನ್ ಆರು ಬಣ್ಣದ ಟ್ಯಾಂಕ್ ಪ್ರಿಂಟರ್ ಇಟ್ಟಿರುತ್ತೀರಿ. ಅದರಲ್ಲಿ ಮುಖ ಮೆಜೆಂಟಾಕ್ಕೆ ತಿರುಗುತ್ತಿದ್ದರೆ ಫೋಟೊಶಾಪ್ ಒಂದು ಸಲ, ಪ್ರಿಂಟರ್ ಡ್ರೈವರ್ ಇನ್ನೊಂದು ಸಲ, ಎರಡೂ ಬಣ್ಣ ತಿದ್ದುತ್ತಿರಬಹುದು. ‘ಫೋಟೊಶಾಪ್ ಮ್ಯಾನೇಜಸ್ ಕಲರ್ಸ್’ ಇಟ್ಟರೆ ಡ್ರೈವರ್‌ನಲ್ಲಿ ಕಲರ್ ಅಡ್ಜಸ್ಟ್‌ಮೆಂಟ್ ಆಫ್ ಮಾಡಿ. ಇಂಕ್ ಬೇರೆ ಕಂಪನಿಯದಾದರೆ ಎಪ್ಸನ್ ಕೊಟ್ಟ ಪ್ರೊಫೈಲ್ ಲೆಕ್ಕಕ್ಕಿಲ್ಲ.

ದುಬಾರಿ ಮಾನಿಟರ್ ಬೇಕೇ? ಈಗಿರುವುದು ಐಪಿಎಸ್ ಪ್ಯಾನೆಲ್ ಆಗಿದ್ದು, ಎಸ್‌ಆರ್‌ಜಿಬಿಯನ್ನು ಪೂರ್ತಿ ತೋರಿಸುವುದಾದರೆ ಖಂಡಿತ ಬೇಡ. ಪಕ್ಕದಿಂದ ನೋಡಿದಾಗ ಬಣ್ಣ ತಿರುಗುವ ಟಿಎನ್ ಪ್ಯಾನೆಲ್ ಆಗಿದ್ದರೆ ಮಾತ್ರ ಬದಲಿಸಿ. ‘45 ಶೇಕಡಾ ಎನ್‌ಟಿಎಸ್‌ಸಿ’ ಎಂದು ಬರೆದಿರುವ ಲ್ಯಾಪ್‌ಟಾಪ್ ಸ್ಕ್ರೀನ್ ಮೇಲಂತೂ ಆಲ್ಬಂ ಬಣ್ಣ ತೀರ್ಮಾನಿಸಬೇಡಿ, ಅದು ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲಿನಷ್ಟನ್ನೂ ಸರಿಯಾಗಿ ತೋರಿಸುವುದಿಲ್ಲ. ಅದಕ್ಕಿಂತ ದೊಡ್ಡ ಬಣ್ಣದ ವ್ಯಾಪ್ತಿ ತೋರಿಸುವ ವೈಡ್ ಗ್ಯಾಮಟ್ ಮಾನಿಟರ್ ಎಸ್‌ಆರ್‌ಜಿಬಿ ಲ್ಯಾಬ್‌ಗೆ ಕಳಿಸುವವರಿಗೆ ಲಾಭಕ್ಕಿಂತ ತಲೆನೋವೇ ಹೆಚ್ಚು. ಆ ದುಡ್ಡು ಕಲರಿಮೀಟರ್ ಮತ್ತು ಒಳ್ಳೆಯ ದೀಪಕ್ಕೆ ಹೋಗಲಿ.

ವಾಪಸ್ ಬಂದಿರುವ ಆಲ್ಬಂ ವಿಷಯ. ಮೊದಲು ಸ್ಕ್ರೀನ್ ಸರಿಮಾಡಿಕೊಳ್ಳಿ, ಲ್ಯಾಬ್ ಜೊತೆ ಮಾತು ಆಮೇಲೆ. ಕಳಿಸಿದ್ದ ಅದೇ ಫೈಲನ್ನು ಸರಿಯಾದ ಸ್ಕ್ರೀನಿನಲ್ಲಿ, ಸಾಫ್ಟ್ ಪ್ರೂಫ್ ಹಾಕಿ, ಆಲ್ಬಂ ಪಕ್ಕದಲ್ಲಿಟ್ಟು ತೆರೆಯಿರಿ. ಫೈಲೂ ಅಷ್ಟೇ ಕಪ್ಪಗೆ, ಅಷ್ಟೇ ಕೆಂಪಗೆ ಕಂಡರೆ ಮರುಪ್ರಿಂಟಿನ ಖರ್ಚು ನಿಮ್ಮದು. ಎಲ್ಲ ಶೀಟ್ ಮಾಡಿಸುವ ಮೊದಲು ಒಂದನ್ನು ಮಾಡಿಸಿ ಗಿರಾಕಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ತೋರಿಸುವಾಗ ಅವರ ಫೋನಿನ ಜೊತೆ ಹೋಲಿಸಲು ಬಿಡಬೇಡಿ, ಫೋನುಗಳ ವಿವಿಡ್ ಮೋಡ್‌ನ ಬಣ್ಣ ಯಾವ ಕಾಗದದಲ್ಲೂ ಬರುವುದಿಲ್ಲ. ಫೈಲ್ ಚೆನ್ನಾಗಿದ್ದು ಆಲ್ಬಂ ಮಾತ್ರ ಕೆಟ್ಟಿದ್ದರೆ, ನಿಮ್ಮ ಟೆಸ್ಟ್ ಶೀಟ್ ಮತ್ತು ಆಲ್ಬಂ ಎರಡನ್ನೂ ಹಿಡಿದು ಲ್ಯಾಬಿಗೇ ಹೋಗಿ, ಅವರ ದೀಪದ ಕೆಳಗೇ ಎರಡನ್ನೂ ಇಡಿಸಿ. ಬೂದು ಪಟ್ಟಿಯ ಫೈಲನ್ನು ಅವರ ಎದುರೇ ಕರೆಕ್ಷನ್ ಇಲ್ಲದೆ ಇನ್ನೊಮ್ಮೆ ಪ್ರಿಂಟ್ ಮಾಡಿಸಿ. ಹಳೆಯ ಶೀಟಿಗೂ ಹೊಸದಕ್ಕೂ ವ್ಯತ್ಯಾಸ ಕಂಡರೆ ಆಲ್ಬಂ ಮತ್ತೆ ಮಾಡಿಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.